ಸುಮಿತ್ರಾಬಾಯಿ ಕಟ್ಟಿದ ಬುತ್ತಿ

ಚೈನು ಮತ್ತೆ ಕಳಚಿತು.

ದೌಲತರಾಯ ಸೈಕಲ್ಲಿನಿಂದ ಇಳಿದ ಅನ್ನುವುದಕ್ಕಿಂತ ಬಿದ್ದ ಅಂದರೇ ಸರಿ. ಆಳಂದ ಬಿಟ್ಟಾಗಿನಿಂದ ಈ ದರಿದ್ರ ಚೈನು ಅವನ ಜೀವ ತಿನ್ನುತ್ತಿತ್ತು. ಮೇಲೆ ಎದುರುಗಾಳಿ, ಕೆಳಗೆ ಎರೆಮಣ್ಣಿನ ಬಂಡಿಜಾಡು. ಕುದುರೆ ಮೇಲೆ ಕೂತು ತಾಲೂಕು ತಿರುಗಿದ ಮಾಜಿ ಜಮಾದಾರ ಈಗ ಸತ್ತವನೊಬ್ಬನ ಸೈಕಲ್ಲಿನ ಮುಂದೆ ಮೊಣಕಾಲೂರಿ, ಎಣ್ಣೆ ಮೆತ್ತಿದ ಬೆರಳಿನಿಂದ ಚೈನನ್ನು ಹಲ್ಲಿಗೆ ಕೂರಿಸುತ್ತಿದ್ದ.

ಸತ್ತವನೋ? ಅದನ್ನು ತಿಳಿಯಲಿಕ್ಕೇ ಅಲ್ಲವೇ ಅವನು ಹೊರಟದ್ದು!

ಹೋದ ತಿಂಗಳು ಇದೇ ಸೈಕಲ್ಲಿನ ಮೇಲೆ ಆಳಂದದ ಗುರಣ್ಣ ಶ್ರೀಶೈಲದ ಯಾತ್ರೆಗೆ ಹೊರಟಿದ್ದ. ಮೊದಲ ದಿನವೇ ಅಫಜಲಪುರದ ಆಚೆ ಭೀಮಾ ಹೊಳೆಯ ದಂಡೆಯಲ್ಲಿ ಸೈಕಲ್ಲು ಸಿಕ್ಕಿತು, ನೀರಿನಲ್ಲಿ ರುಮಾಲು ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಪೊಲೀಸಿನ ಅಮೀನಸಾಹೇಬರು ಬಂದರು, ಪಂಚನಾಮೆ ಮಾಡಿದರು, ಮುಳುಗಿ ಸತ್ತ ಎಂದು ಬರೆದು ಚಹಾ ಕುಡಿದು ಹೋದರು.

ಹ್ಯಾಂಡಲ್ಲಿಗೆ ತಂತಿಯಿಂದ ಬಿಗಿದ ತಗಡಿನ ಬೋರ್ಡು ಇನ್ನೂ ಹಾಗೇ ಇತ್ತು. 'ಆಳಂದ – ಶ್ರೀಶೈಲ. ಗುರಣ್ಣನ ಸೈಕಲ್ ಯಾತ್ರೆ.' ಬಿಳಿ ಬಣ್ಣದ ದೊಡ್ಡ ಅಕ್ಷರ. ಹಾದಿಯುದ್ದಕ್ಕೂ ಮಂದಿ ಅದನ್ನು ಓದಿ ಬೆಚ್ಚಿಬೀಳುತ್ತಿದ್ದರು. ಒಬ್ಬ ಮುದುಕನಂತೂ ಕೈಮುಗಿದು ಬದಿಗೆ ಸರಿದು ನಿಂತಿದ್ದ, ಪಾಪ.

ದೌಲತರಾಯ ಕೈ ಒರೆಸಿಕೊಂಡು ಹಿಂದಿನ ಕ್ಯಾರಿಯರ್ ಮುಟ್ಟಿ ನೋಡಿದ. ಬುತ್ತಿಗಂಟು ಬಿಗಿಯಾಗಿ ಕೂತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಆದರೂ ಬಿಚ್ಚಲು ಮನಸ್ಸಾಗಲಿಲ್ಲ.

ಯಾಕೆ ಅಂತೀರಾ? ಆ ಗಂಟು ಕಟ್ಟಿದ ಕೈ ಸುಮಿತ್ರಾಬಾಯಿಯದು. ಬಿಚ್ಚಿದರೆ ಗಂಟು ಹೋಗಿಬಿಡುತ್ತದಲ್ಲ!

ಹುಚ್ಚೇ ಸರಿ. ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ ಗಂಡಸಿನ ಹುಚ್ಚು. ಹುಟ್ಟೂರು ಭೂಸನೂರಿನಲ್ಲಿ ಇಬ್ಬರ ಮನೆಗಳದೂ ಒಂದೇ ಓಣಿ. ಅವಳು ಕೊಡ ಹೊತ್ತು ಬಾವಿಗೆ ಹೋಗುವಾಗ ಬಳೆಯ ಸದ್ದು ಕೇಳಿಯೇ ಅವನು ಪಡಸಾಲೆಯಿಂದ ಏಳುತ್ತಿದ್ದ. ಹಿರಿಯರು ಮಾತಾಡಿದ್ದರು, ಎಲೆ ಅಡಿಕೆ ಹಿಡಿಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಆಳಂದದ ದೊಡ್ಡ ಮನೆಯಿಂದ ಗುರಣ್ಣನ ಸಂಬಂಧ ಬಂತು, ಅವಳು ಆ ಮನೆಯ ಸೊಸೆಯಾಗಿ ಹೋದಳು. ದೌಲತರಾಯ ಪೊಲೀಸಿಗೆ ಸೇರಿದ. ಆಮೇಲೆ ಆ ನೌಕರಿಯೂ ಸಾಕಾಗಿ ಬಿಟ್ಟ. ಮದುವೆ ಮಾತ್ರ ಆಗಲೇ ಇಲ್ಲ.

ಗಂಡನ ಸೈಕಲ್ಲು ಕೊಡಿಸಿ ಹುಡುಕಲು ಅವನನ್ನು ಕರೆಸಿದವಳು ಅವಳೇ. ಈ ಬೆಳಿಗ್ಗೆ ತನ್ನ ಮನೆಯ ಬಾಗಿಲಿಗೆ ಬಂದು ಬುತ್ತಿ ಕೊಟ್ಟಿದ್ದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಗಂಟನ್ನು ಮುಂದೆ ಚಾಚಿದಳು. ಅವನ ಕಿವಿ ಹಳೆಯ ರೂಢಿಯಂತೆ ಬಳೆಯ ಸದ್ದಿಗೆ ಕಾದಿತ್ತು. ಸದ್ದಾಗಲಿಲ್ಲ. ಕಟ್ಟೆಯ ಮೇಲೆ ಅವಳ ಭಾವ ದೇವೀಂದ್ರಪ್ಪ ಕೂತಿದ್ದನಲ್ಲ, ಅದಕ್ಕೇ ಇಷ್ಟು ಸಂಕೋಚ ಅಂದುಕೊಂಡ.

"ನಾಳಿ ಎಳ್ಳಮಾಸಿ. ಹೊಲಕ್ಕ ಹೋಗಿ ಚರಗ ಚೆಲ್ಲಿ ಬರೂಣು," ಎಂದಿದ್ದ ದೇವೀಂದ್ರಪ್ಪ, ತಮ್ಮನ ಹೆಂಡತಿಗೆ ಕೇಳಲೆಂದೇ ಗಟ್ಟಿಯಾಗಿ. "ಮರುದಿನ ಆಕಿ ಬಳಿ ತೆಗಿಸಿಬಿಡೂದು. ಹೊಳಿ ಪಾಲಾದವ ತಿರುಗಿ ಬರ್ತಾನೇನು? ಮಂದಿ ನಮ್ಮನ್ನ ಆಡಿಕೊಳ್ಳಾಕತ್ಯಾರ."

ಸುಮಿತ್ರಾಬಾಯಿ ತಲೆ ಎತ್ತಲಿಲ್ಲ. "ಜಮಾದಾರ್ರ, ಸೈಕಲ್ ಸಿಕ್ಕ ಜಾಗಾದಾಗ ನಿಂತು ತಿರುಗಬ್ಯಾಡ್ರಿ. ಹೊಳಿ ದಾಟ್ರಿ. ಜೇವರ್ಗಿ ಹಾದಿಯಾಗ ಯಾರರೆ ಅವರನ್ನ ಕಂಡಾರೇನು ಕೇಳ್ರಿ. ನನ್ನ ಆಣಿ ಐತಿ."

"ದಾಟ್ತೇನಿ. ಸಂಜಿ ಮೋಟಾರಿಗೆ ಅಫಜಲಪುರದಿಂದ ತಿರುಗಿ ಬಂದು ರಾತ್ರಿನೇ ಸುದ್ದಿ ಮುಟ್ಟಸ್ತೇನಿ."

ಆಗ ಅವಳು ಒಮ್ಮೆ ನೋಡಿದಳು. ಆ ನೋಟವನ್ನೇ ಮೆಲುಕು ಹಾಕುತ್ತ ಅವನು ಅರ್ಧ ಹಾದಿ ಪೆಡಲು ತುಳಿದಿದ್ದ.

ಇನ್ನೂ ಒಂದು ಮಾತು ಅವನ ಎದೆಯಲ್ಲಿ ಕೂತಿತ್ತು. ಅದನ್ನು ಅವನು ಯಾರೆದುರೂ ಬಾಯಿಬಿಟ್ಟು ಹೇಳುವವನಲ್ಲ. ಗಂಡ ಸತ್ತವಳನ್ನು ಉಡಕಿ ಮಾಡಿಕೊಂಡು, ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ರಿವಾಜು ಅವರ ಮಂದಿಯಲ್ಲಿತ್ತು. ಗುರಣ್ಣ ನಿಜವಾಗಿ ಸತ್ತಿದ್ದರೆ... ಥೂ! ಎಂಥಾ ಮನುಷ್ಯ ನಾನು, ಎಂದು ತನ್ನನ್ನೇ ಬೈದುಕೊಂಡು ಜೋರಾಗಿ ತುಳಿದ. ಜೋರಾಗಿ ತುಳಿದಷ್ಟೂ ಆ ಯೋಚನೆ ಕ್ಯಾರಿಯರ್ ಮೇಲೆ ಕೂತು ಹಿಂದೆಯೇ ಬಂತು.

ಅಫಜಲಪುರದ ಅಗಸಿ ಬಾಗಿಲು ಕಂಡಾಗ ಸೂರ್ಯ ನೆತ್ತಿ ದಾಟಿದ್ದ. ಹಾದಿ ಬದಿಯ ಬೇವಿನ ಗಿಡದ ಕೆಳಗೆ ಮುದುಕಿಯೊಬ್ಬಳು ಹಸಿ ಕಡಲೆ ಗಿಡದ ಕಟ್ಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಸೈಕಲ್ಲು ನೋಡಿದ್ದೇ ತಡ, ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ನನ್ನ ಶಿವನ! ಮತ್ತ ಬಂತೇನ್ರಿ ಈ ಬೋರ್ಡಿನ ಗಾಡಿ?"

ಹೆಸರು ಮಲ್ಕಮ್ಮ. ಸುಗ್ಗಿ ಮುಗಿಯುವ ತನಕ ಅದೇ ಗಿಡ, ಅದೇ ನೆರಳು. ದೌಲತರಾಯ ಒಂದು ಕಟ್ಟು ಕಡಲೆ ತೆಗೆದುಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

"ಆಯೀ, ಹೋದ ತಿಂಗಳ ಇದರ ಮ್ಯಾಲ ಬಂದವನ್ನ ನೀ ನೋಡಿದ್ದೇನು?"

"ನೋಡಲಾರ್ದ ಏನ್ರಿ? ಊರಿಗೂರೇ ನೋಡೇದ. ಶಾಲಿ ಮಾಸ್ತರ್ರು ಬೋರ್ಡ್ ಓದಿದ್ರು. ಗುರಣ್ಣೋರು ಬಂದ್ರು, ಗುರಣ್ಣೋರು ಬಂದ್ರು ಅಂತ ಹಾರ ಹಾಕಿದ್ರು. ಮಠದಾಗ ಊಟಕ್ಕ ಕರದ್ರು. ಒಲ್ಲೆಂದ. ನನ್ನ ಬುತ್ತಿ ಐತಿ ಅಂದ. ಮಂದಿ ಚದುರಿದ ಮ್ಯಾಲ ಇಲ್ಲೇ, ಈಗ ನೀವು ಕುಂತೀರಲ್ಲ, ಇದೇ ಜಾಗಾದಾಗ ಕುಂತು ಉಂಡ."

"ಪೂಜಾ ಮಾಡಿಕೊಂಡು ಉಂಡನೇನು?"

ಮಲ್ಕಮ್ಮ ನಕ್ಕಳು. "ಎಲ್ಲಿ ಪೂಜಾ ಹಚ್ಚೀರಿ! ಮಾರಿ ಸುದ್ದಾ ತೊಳಕೊಳ್ಳಲಿಲ್ಲ. ಸೆಕಿಗೆ ಅಂಗಿ ಗುಂಡಿ ಬಿಚ್ಚಿ ಟಪ್ಪಂತ ಕುಂತ, ಉಂಡ."

ದೌಲತರಾಯನ ಕೈಯಲ್ಲಿದ್ದ ಹಸಿ ಕಡಲೆ ಬಾಯಿಗೆ ಹೋಗದೆ ಹಾಗೇ ನಿಂತಿತು. ಗುರಣ್ಣ ಲಿಂಗಪೂಜೆ ಆಗದೆ ಗುಟುಕು ನೀರೂ ಕುಡಿಯದ ಮನುಷ್ಯ. ಜ್ವರ ಬಂದು ಮಲಗಿದಾಗಲೂ ವಿಭೂತಿ ಹಚ್ಚಿಕೊಂಡೇ ಗಂಜಿ ಕುಡಿದವನು.

"ಗುಂಡಿ ಬಿಚ್ಚಿದ್ದ ಅಂದೆಲ್ಲ. ಕೊರಳಾಗ ಲಿಂಗ ಇತ್ತಿಲ್ಲೋ?"

"ಏನೂ ಇದ್ದಿಲ್ರಿ. ಬರೇ ಕೊರಳು. ದಾರ ಸುದ್ದಾ ಇಲ್ಲ. ಮಠದ ಮಂದಿ ಹಾರ ಹಾಕಿದ್ದು ಇಂಥವಗೇನು ಅಂತ ನಾ ಮನಸಿನಾಗ ಅಂದ್ಕೊಂಡೆ. ದೊಡ್ಡವರ ಮಾತು, ನಮಗ್ಯಾಕ ಅಂತ ಸುಮ್ಕ ಆದೆ."

ಊರಿಗೂರೇ ತಗಡು ಓದಿತ್ತು, ಕೊರಳು ನೋಡಿದವಳು ಇವಳೊಬ್ಬಳೇ. ದೌಲತರಾಯನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಬಂದವನು ಗುರಣ್ಣನಲ್ಲ! ಆಳಂದ ಬಿಟ್ಟ ಮೇಲೆ ನಡುಹಾದಿಯಲ್ಲಿ ಎಲ್ಲೋ ಸವಾರ ಬದಲಾಗಿದ್ದ. ಕಲಬುರ್ಗಿಯ ನೆಟ್ಟನೆಯ ಹಾದಿ ಬಿಟ್ಟು ಅಫಜಲಪುರದ ಸುತ್ತು ಯಾಕೆ ಹಿಡಿದ ಎಂದು ಅವನು ತಿಂಗಳಿಡೀ ತಲೆ ಕೆಡಿಸಿಕೊಂಡಿದ್ದ. ಈಗ ತಿಳಿಯಿತು. ಕಲಬುರ್ಗಿ ಬಜಾರಿನಲ್ಲಿ ಗುರಣ್ಣನ ಮುಖ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ.

ಅಂದರೆ ಗುರಣ್ಣ ಈ ಹೊಳೆಯಲ್ಲಿ ಮುಳುಗಿರಲಿಕ್ಕೆ ಸಾಧ್ಯವಿಲ್ಲ. ಬದುಕಿರಬಹುದು.

ಸಂತೋಷಪಡಬೇಕಾದ ಸುದ್ದಿ. ಸುಮಿತ್ರಾಳ ಕುಂಕುಮ ಉಳಿಯಿತು. ದೌಲತರಾಯನಿಗೆ ಮಾತ್ರ ಯಾರೋ ಎದೆಯ ಮೇಲೆ ಕೂತಂತೆ ಆಯಿತು. ಕ್ಯಾರಿಯರ್ ಮೇಲೆ ಕೂತು ಬಂದಿದ್ದ ಆ ಗುಟ್ಟಿನ ಆಸೆ ಅಲ್ಲೇ ಬೇವಿನ ಗಿಡದ ಬುಡದಲ್ಲಿ ಇಳಿದು ಹೋಯಿತು. ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಏಳುವ ಮೊದಲು ಸುಮ್ಮನೆ ಕೇಳಿದ. "ಬುತ್ತಿಯಾಗ ಏನಿತ್ತು ಆಯೀ?"

"ಏನಿರ್ತದ್ರಿ? ಕಟಿರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ದೊಡ್ಡ ಉಳ್ಳಾಗಡ್ಡಿ, ಮುಷ್ಟಿಲೇ ಗುದ್ದಿ ಒಡದ. ಸಿಪ್ಪಿ ಹಾರಿ ನನ್ನ ಬುಟ್ಟಿಯಾಗ ಬಿತ್ತು."

"ಉಳ್ಳಾಗಡ್ಡಿ? ಬ್ಯಾರೆ ಯಾರರೆ ಕೊಟ್ಟಿದ್ರೇನು?"

"ಇಲ್ರಿ. ಗಂಟು ಬಿಚ್ಚಿದ್ದು ನನ್ನ ಕಣ್ಣ ಮುಂದ."

ದೌಲತರಾಯ ಸೈಕಲ್ಲು ಹತ್ತಿದ. ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ.

ಹೊಳೆಯ ತನಕ ಹಾದಿ ಇಳುಕಲು. ಎರಡೂ ಕಡೆ ಎದೆಯುದ್ದ ಜೋಳ, ನಡುನಡುವೆ ತೊಗರಿ. ನಾಳೆ ಹೊಲಕ್ಕೆ ನೈವೇದ್ಯ ಚೆಲ್ಲುವ ಚರಗಕ್ಕೆ ಬದುಗಳಲ್ಲಿ ಐದು ಕಲ್ಲು ಹೂಡಿ, ಸುಣ್ಣ ಬಳಿದು ಪಾಂಡವರನ್ನು ಕೂರಿಸಿದ್ದರು. ಗಾಳಿಯಲ್ಲಿ ಎಲ್ಲೋ ಎಳ್ಳು ಹುರಿಯುವ ವಾಸನೆ. ಇವನ ತಲೆಯಲ್ಲಿ ಒಂದೇ ಒಂದು ವಸ್ತು ಉರುಳುತ್ತಿತ್ತು. ಉಳ್ಳಾಗಡ್ಡಿ.

ಶ್ರೀಶೈಲದ ಮಲ್ಲಯ್ಯನ ದರ್ಶನ ಆಗುವ ತನಕ ಉಳ್ಳಾಗಡ್ಡಿ ಮುಟ್ಟುವುದಿಲ್ಲ ಎಂದು ಗುರಣ್ಣ ಮಠದಲ್ಲಿ ಆಣೆ ಮಾಡಿದ್ದ. ಇಡೀ ಆಳಂದಕ್ಕೆ ಗೊತ್ತಿದ್ದ ಸಂಗತಿ ಅದು. ಆ ಬುತ್ತಿ ಕಟ್ಟಿದವಳು ಸುಮಿತ್ರಾಬಾಯಿ. ಅದನ್ನು ತಾನೇ ಕಟ್ಟಿದೆ ಎಂದು ಅಮೀನಸಾಹೇಬರ ಮುಂದೆ ಅವಳೇ ಹೇಳಿದ್ದಳು.

ಗಂಡನ ಬುತ್ತಿಗೆ ಮರೆತು ಹಾಕಿದಳೇ?

ಪೊಲೀಸ್ ಬುದ್ಧಿ 'ಇಲ್ಲ, ಉಣ್ಣುವವನು ಬೇರೆಯವನೆಂದು ಗೊತ್ತಿದ್ದೇ ಕಟ್ಟಿದಳು' ಅಂದಿತು. ಹಳೆಯ ಓಣಿಯ ಹುಡುಗ 'ಹೌದು, ಮರೆತಿರಬೇಕು, ಗಡಿಬಿಡಿಯಲ್ಲಿ ಮರೆತಳು' ಅಂದ. ಇಬ್ಬರೂ ಜಗಳಾಡುತ್ತಿರುವಾಗಲೇ ಜೋಳದ ತೆನೆಗಳ ಆಚೆ ಭೀಮೆಯ ನೀರು ಮಿಂಚಿತು.

ಹರಿಗೋಲಿನ ಪೀರಸಾಬ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಗುರಣ್ಣ ಮುಳುಗಿದ್ದನ್ನು ಕಣ್ಣಾರೆ ಕಂಡೆ ಎಂದು ಪಂಚನಾಮೆಯಲ್ಲಿ ಹೆಬ್ಬೆಟ್ಟು ಒತ್ತಿದವನು ಇವನೇ. ಬೋರ್ಡಿನ ಸೈಕಲ್ಲು ಕಂಡು ಅವನು ಬೆಚ್ಚಲಿಲ್ಲ. ಕಾಯುತ್ತಿದ್ದವನ ಹಾಗೆ ಎದ್ದು, ಮಾತಿಲ್ಲದೆ ಸೈಕಲ್ಲನ್ನೆತ್ತಿ ಹರಿಗೋಲಿನಲ್ಲಿಟ್ಟ.

ನಡುಹೊಳೆಗೆ ಬಂದಾಗ ದೌಲತರಾಯ ಬಾಯಿಬಿಟ್ಟ.

"ಪೀರಸಾಬ, ನೋಡಿದ್ದು ನೋಡಿದಂಗ ಹೇಳು. ಗುರಣ್ಣ ನೀರಿಗೆ ಹ್ಯಾಂಗ ಇಳದಾ?"

"ಅಮೀನಸಾಹೇಬರ ಮುಂದ ಹೇಳೇನಲ್ರಿ. ಝಳಕಕ್ಕಂತ ಇಳದ್ರು, ಮಡುವಿನಾಗ ಕಾಲು ಜಾರ್ತು. ಖುದಾ ಕಸಂ, ನಾ ಹೋಗೂದ್ರಾಗ ಖತಂ."

"ಅಂಗಿ ಕಳದಿದ್ದನೇನು?"

"ಹೌದ್ರಿ. ಬರೇ ಧೋತರ."

"ಕೊರಳಾಗ ಲಿಂಗ ಇತ್ತು?"

ಪೀರಸಾಬ ಒಂದು ಗಳಿಗೆ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಇತ್ರಿ, ಇರಲಾರ್ದ ಏನು? ಲಿಂಗ ಇಡೂ ಬೆಳ್ಳಿ ಕರಡಗಿ. ಬಿಸಿಲಿಗೆ ಥಳಥಳಾ ಅಂತಿತ್ತು."

"ಬೆಳ್ಳಿ ಕರಡಗಿ!" ದೌಲತರಾಯ ತಣ್ಣಗೆ ಹೇಳಿದ. "ಗುರಣ್ಣ ಮದುವಿಯಾದಾಗಿನಿಂದ ಲಿಂಗಾನ ಅರಿವಿಯಾಗ ಸುತ್ತಿ ಕಟ್ಟತಾನ. ಬೆಳ್ಳಿ ಮುಟ್ಟಿದವನಲ್ಲ. ಅತ್ಲಾಗ ಅಫಜಲಪುರದಾಗ ಅಂಗಿ ಗುಂಡಿ ಬಿಚ್ಚಿ ಕುಂತವನ ಕೊರಳು ಬರಿದ ಇತ್ತು. ಎರಡು ಹರದಾರಿ ಹಾದಿಯಾಗ ಬೆಳ್ಳಿ ಎಲ್ಲಿಂದ ಮೊಳೀತು ಮಾರಾಯಾ?"

ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು. ಪೀರಸಾಬ ಅದನ್ನು ಹಿಡಿದು ನಿಲ್ಲಿಸಲಿಲ್ಲ.

"ಯಾರೂ ಮುಳುಗಿಲ್ಲ," ಎಂದ ದೌಲತರಾಯ. "ಹೇಳಿಬಿಡು. ನಾ ಈಗ ಸರ್ಕಾರಿ ಮನುಷ್ಯಾ ಅಲ್ಲ. ನಿನ್ನ ಕೈಗೆ ಬೇಡಿ ಹಾಕೂವಲ್ಲ. ಒಬ್ಬ ಹೆಣ್ಮಗಳ ಬಳಿ ಒಡೀಲಾಕತ್ತಾರ, ಅಷ್ಟಕ್ಕ ಬಂದೇನಿ."

ಮುದುಕ ಹರಿಗೋಲನ್ನು ಮತ್ತೆ ನೆಟ್ಟಗೆ ಮಾಡಿದ. ಆಮೇಲೆ ಧ್ವನಿ ಇಳಿಸಿ ಹೇಳಿದ. "ಮುಳುಗಿಲ್ರಿ. ರುಮಾಲು ಬಿಚ್ಚಿ ನೀರಿಗೆ ಬಿಟ್ಟ. ಸೈಕಲ್ ಆ ದಂಡಿಗೇ ಬಿಟ್ಟ. ನಾನೇ ಇದೇ ಹರಗೋಲಿನಾಗ ದಾಟಿಸೇನಿ. ಜೇವರ್ಗಿ ಕಡಿಗೆ ನಡಕೋತ ಹ್ವಾದ. ಜವಾನ ಹುಡುಗ, ಹೆದರಿದ್ದ. ಹೆಸರು ನಾ ಕೇಳಿಲ್ಲ, ಅಂವ ಹೇಳಿಲ್ಲ."

"ಮುಳುಗಿದ ಅಂತ ಹೇಳು ಅಂದವರು ಯಾರು?"

ಪೀರಸಾಬ ದಂಡೆಯತ್ತ ತಿರುಗಿದ. ಹುಟ್ಟು ಬಲವಾಗಿ ಹಾಕಿದ. ಜೇವರ್ಗಿ ಕಡೆಯ ದಂಡೆ ಬಂತು. ದೌಲತರಾಯ ಮೊದಲು ಇಳಿದ, ಸೈಕಲ್ಲು ಇಳಿಸಿಕೊಂಡ, ಬುತ್ತಿ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಆ ಹಾಳು ಗಂಟು ಮುಟ್ಟಿ ನೋಡುವಷ್ಟರಲ್ಲೇ ಹರಿಗೋಲು ದಂಡೆ ಬಿಟ್ಟಿತ್ತು.

"ಏಯ್! ನಿಂದ್ರೋ! ಸಂಜಿ ಮೋಟಾರಿಗೆ ನಾ ತಿರುಗಿ ಹೋಗಬೇಕು!"

"ಮಾಫ್ ಮಾಡ್ರಿ ಸಾಹೇಬ್ರ!" ನೀರಿನ ಮೇಲಿಂದ ಮುದುಕನ ಧ್ವನಿ ಬಂತು. "ಮಾತು ಕೊಟ್ಟೇನಿ. ನಾಳಿ ಹೊತ್ತು ಮುಳುಗೂ ತನಕಾ ಈ ದಂಡಿಗೆ ಹರಗೋಲ ತರಂಗಿಲ್ಲ."

"ಯಾರಿಗೆ ಕೊಟ್ಟಿಯೋ ಮಾತು?"

ಪೀರಸಾಬ ಹುಟ್ಟು ಎತ್ತಿ ಕ್ಯಾರಿಯರ್ ಕಡೆಗೆ ತೋರಿಸಿದ.

"ಬುತ್ತಿ ಕಟ್ಟಿದವ್ರಿಗೆ! ಮೊದಲ ಹೇಳಿ ಕಳಿಸ್ಯಾರ. ಹಾದಿಯಾಗ ಬಿಚ್ಚಿರಂಗಿಲ್ಲ, ನನಗ ಗೊತ್ತು, ಹಸಿದು ಮಲಗಬ್ಯಾಡ್ರಿ ಅಂತ ಹೇಳು ಅಂದಾರ್ರಿ!"

ದೌಲತರಾಯ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟ. ಜೇವರ್ಗಿ ಇನ್ನೂ ದೂರ. ಸೂರ್ಯ ಜೋಳದ ಮೇಲೆ ಇಳಿಯುತ್ತಿದ್ದ. ಹಿಂದೆ ಹೋಗಲು ಹರಿಗೋಲಿಲ್ಲ, ಈಜಿ ದಾಟುವ ನೀರಲ್ಲ. ಮೋಸ ಹೋದೆ ಎಂದು ಸಿಟ್ಟು ಬರಬೇಕಾದ ಹೊತ್ತಿನಲ್ಲಿ ಅವನಿಗೆ ಕೇಳಿಸಿದ್ದು ಒಂದೇ ಮಾತು. ಹಾದಿಯಲ್ಲಿ ಬಿಚ್ಚಿರುವುದಿಲ್ಲ, ನನಗೆ ಗೊತ್ತು.

ಅವಳಿಗೆ ಗೊತ್ತಿತ್ತು. ಬಾವಿಗೆ ಹೋಗುವಾಗ ಪಡಸಾಲೆಯಿಂದ ಯಾರು ಏಳುತ್ತಿದ್ದರೆಂದು, ಯಾಕೆ ಮದುವೆಯಾಗಲಿಲ್ಲವೆಂದು, ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ್ದಳು.

ದಂಡೆಯ ಮರಳಿನ ಮೇಲೆ ಕೂತು ಗಂಟು ಬಿಚ್ಚಿದ. ಮೇಲೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಇವತ್ತಿನ ಊಟ. ಅದರ ಕೆಳಗೆ ಬೇರೆಯದೇ ಒಂದು ಗಂಟು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಎಳ್ಳಮಾವಾಸ್ಯೆಯ ಅಡಿಗೆ! ನಾಳೆ ಹೊಲದಲ್ಲಿ ಚರಗ ಚೆಲ್ಲುವ ಮೊದಲು ಮನೆಯವರೂ ಬಾಯಿಗಿಡದ ಅಡಿಗೆ. ರಾತ್ರಿಯೇ ತಿರುಗಿ ಬರುತ್ತೇನೆ ಎಂದವನಿಗೆ ಅವಳು ನಾಳಿನ ಊಟವನ್ನೂ ಕಟ್ಟಿದ್ದಳು. ಮೋಸ ಮಾಡಲು ಮನಸ್ಸು ಗಟ್ಟಿಯಾಗಿತ್ತು, ಹಬ್ಬದ ದಿನ ಉಪವಾಸ ಕೆಡವಲು ಆಗಿರಲಿಲ್ಲ.

ಗಂಟಿನ ತಳದಲ್ಲಿ ಇನ್ನೊಂದು ಅರಿವೆಯ ಸುರುಳಿ ಇತ್ತು. ಹಗುರ. ಬಿಚ್ಚುವ ಮೊದಲೇ ಅದು ಸದ್ದು ಮಾಡಿತು.

ಆ ಸದ್ದು ಅವನಿಗೆ ಗೊತ್ತು. ಈ ಜಗತ್ತಿನಲ್ಲಿ ಬೇರೆ ಯಾವ ಸದ್ದೂ ಅವನಿಗೆ ಅಷ್ಟು ಗೊತ್ತಿಲ್ಲ.

ಹಸಿರು ಗಾಜಿನ ಬಳೆಗಳು. ಎರಡೂ ಕೈಯವು. ಎಣ್ಣೆ ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದಿದ್ದಳು, ಗಾಜಿಗೆ ಇನ್ನೂ ಎಣ್ಣೆಯ ಜಿಗುಟಿತ್ತು. ಒಂದೂ ಒಡೆದಿರಲಿಲ್ಲ.

ಅದಕ್ಕೇ ಬೆಳಿಗ್ಗೆ ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು!

ನಾಳೆ ಆ ಮನೆಯ ಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಆಳಂದದ ಓಣಿಗಳಲ್ಲಿ ನಾಯಿಯ ಹೊರತು ಯಾರೂ ಇರುವುದಿಲ್ಲ. ಆ ಹೊತ್ತಿಗೆ ಅವಳು ಮನೆ ಬಿಟ್ಟು ಹೋಗುತ್ತಾಳೆ. ಮರುದಿನ ಬಳೆ ತೆಗೆಸಲು ಬಂದ ದೇವೀಂದ್ರಪ್ಪನಿಗೆ ಆ ಬಳೆಗಳೂ ಸಿಗುವುದಿಲ್ಲ, ಆ ಕೈಗಳೂ ಸಿಗುವುದಿಲ್ಲ. ತಡೆಯಬಲ್ಲ ಒಬ್ಬನೇ ಒಬ್ಬನನ್ನು ಅವಳು ಹೊಳೆಯ ಆಚೆ ದಾಟಿಸಿ ಕೂರಿಸಿದ್ದಳು.

ಗಂಡ ಬದುಕಿದ್ದಾನೆ ಎಂದು ಬಲ್ಲವಳು ಬಳೆ ಯಾಕೆ ತೆಗೆದಳು? ಗಂಡನ ಕಡೆಗೇ ಹೊರಟಿದ್ದರೆ ಅವನ್ನು ತನಗೆ ಯಾಕೆ ಕಳಿಸಿದಳು?

"ಪೀರಸಾಬಾ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

ಹರಿಗೋಲು ಆಚೆ ದಂಡೆ ಮುಟ್ಟಿತ್ತು. ಮುದುಕ ಅದನ್ನು ಎಳೆದು ಮಗುಚಿ ಹಾಕಿ, ತಿರುಗಿ ನೋಡದೆ ಊರ ಕಡೆ ನಡೆದುಬಿಟ್ಟ. ದೌಲತರಾಯ ಬಳೆಗಳನ್ನು ಮತ್ತೆ ಅರಿವೆಯಲ್ಲಿ ಸುತ್ತತೊಡಗಿದ, ಕೈಯೊಳಗೆ ಅವು ಮೆಲ್ಲಗೆ ಸದ್ದು ಮಾಡುತ್ತಲೇ ಇದ್ದವು.